ಮೂರು ಮಾತಾದ ಮೇಲೆ ಹೆಸರು

ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ ನಾವು ಲಿಂಗಸುಗೂರಿನ ಬಸ್ ನಿಲ್ದಾಣ ಮುಟ್ಟಿದಾಗ ಜಿಟಿಜಿಟಿ ಮಳೆ ಆಗಷ್ಟೇ ನಿಂತಿತ್ತು. ನಾವು ಎಂದರೆ ನಾನು ಮತ್ತು ನನ್ನ ಮಗಳ ಮಗಳು ಗಂಗಾ. ನನ್ನ ಕೈಯಲ್ಲಿ ಬುತ್ತಿಯ ಗಂಟು ಇತ್ತು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಅವಳ ಕೈಯಲ್ಲಿ ನಮ್ಮ ಹಿತ್ತಲಿನ ಹಾಗಲ ಬಳ್ಳಿಯ ಒಂದು ತುದಿ. ಮನೆ ಬಿಡುವಾಗ ಚಿವುಟಿಕೊಂಡವಳು, ಅದರ ಸುರುಳಿಯನ್ನು ತನ್ನ ಕಿರುಬೆರಳಿಗೆ ಸುತ್ತಿಕೊಂಡು ಬಂದಿದ್ದಳು.

ಸಿಂಧನೂರಿನ ಬಸ್ಸು ನಿಂತೇ ಇತ್ತು. ಕಿಟಕಿಯ ಪಕ್ಕದ ಸೀಟೂ ಸಿಕ್ಕಿತು. ಶ್ರಾವಣದ ಭಾನುವಾರ ಗುಡಿಗೆ ಹೋಗುವವರ ಗದ್ದಲದಲ್ಲಿ ಕಿಟಕಿ ಸೀಟು ಸಿಗುವುದು ಸಣ್ಣ ಮಾತಲ್ಲ. ಮನಸ್ಸಿನಲ್ಲೇ ಮಲ್ಲಯ್ಯ ದೇವರಿಗೆ ಕೈ ಮುಗಿದೆ. ನಿರ್ವಾಹಕ ಬಂದು ಆಧಾರ್ ನೋಡಿ ಸೊನ್ನೆ ಟಿಕೆಟ್ ಹರಿದುಕೊಟ್ಟ. ನಂತರ ಬಗ್ಗಿ ಗಂಗಾಳ ಬೆರಳು ನೋಡಿದ.

"ಏನವ್ವ ಅದು, ಉಂಗುರೇನು? ಯಾ ಬಳ್ಳಿದು?"

ಗಂಗಾ ಅವನ ಮುಖ ನೋಡಿದಳು, ಬಳ್ಳಿ ನೋಡಿದಳು, ಸುಮ್ಮನಿದ್ದಳು.

"ಬಾಯಿ ಮನ್ಯಾಗ ಬಿಟ್ಟು ಬಂದೀಯೇನಬೇ?" ಎಂದು ನಕ್ಕು ಅವನು ಮುಂದೆ ಹೋದ. ಅವನಿಗೆ ಅದು ತಮಾಷೆ. ನನಗೆ ಮಾತ್ರ ಎದೆಯಲ್ಲಿ ಮುಳ್ಳಾಡಿಸಿದಂತಾಯಿತು.

ನಾನು ಹೊರಟಿದ್ದೇ ಆ ಕಾರಣಕ್ಕೆ. ಮಗಳು ಶಿವಲೀಲಾಳನ್ನು ಸಿಂಧನೂರು ತಾಲೂಕಿನ ವಳಕಮದಿನ್ನಿಗೆ ಕೊಟ್ಟಿದ್ದೇವೆ. ಎರಡನೆಯ ಬಾಣಂತನಕ್ಕೆ ಬಂದಾಗ ಗಂಗಾಳನ್ನೂ ಕರೆದುಕೊಂಡು ಬಂದಿದ್ದಳು. ಬಾಣಂತನ ಮುಗಿಸಿ ಕೂಸಿನೊಂದಿಗೆ ಹೋಗುವಾಗ, ಎರಡನ್ನೂ ಸಂಭಾಳಿಸುವುದು ಕಷ್ಟವೆಂದು ಗಂಗಾಳನ್ನು ನನ್ನ ಬಳಿಯೇ ಬಿಟ್ಟಳು. ಜೂನ್‌ನಲ್ಲಿ ಐದು ತುಂಬಿತು. ಸಿಂಧನೂರಿನ ಒಂದು ಸಣ್ಣ ಶಾಲೆಗೆ ಸೇರಿಸಲು ಅವಳ ಅಪ್ಪ ಬಂದು ಕರೆದೊಯ್ದ. ಅಲ್ಲಿ ಪಾಠ ಹೇಳುವ ಬಾಯಾರು ಚಿತ್ರದ ಪುಸ್ತಕ ತೆರೆದು ಇದೇನು, ಇದೇನು ಎಂದು ಕೇಳಿದರೆ ಮಗು ಒಂದಕ್ಕೂ ಬಾಯಿ ಬಿಡಲಿಲ್ಲವಂತೆ. ಶ್ರಾವಣದಲ್ಲಿ ಇನ್ನೊಮ್ಮೆ ಕರೆತನ್ನಿ, ಆಗಲೂ ಹೀಗೇ ಆದರೆ ಈ ವರ್ಷ ಬೇಡ, ಯಾವುದಾದರೂ ಡಾಕ್ಟರಿಗೆ ತೋರಿಸಿ ಎಂದರಂತೆ. ಬೀಗತಿ ಶರಣಮ್ಮ ಫೋನಿನಲ್ಲಿ "ಕೂಸು ಸ್ವಲ್ಪ ಮಂದ ಐತೇನ ಅಂತ ನಮಗ ಮೊದಲ ಅನಸಿತ್ತ್ರಿ" ಎಂದರು. ಶಿವಲೀಲಾ ಅತ್ತಳು. ಗಂಗಾಳನ್ನು ಮತ್ತೆ ನನ್ನ ಬಳಿಗೇ ತಂದು ಬಿಟ್ಟರು. ಸೋಮವಾರ ಆ ಎರಡನೆಯ ಪರೀಕ್ಷೆ ಇತ್ತು.

ನನ್ನೊಂದಿಗೆ ಮಾತ್ರ ಅವಳ ಮಾತಿಗೆ ಬಿಡುವೇ ಇಲ್ಲ. ಬಸ್ಸು ಊರು ದಾಟಿ, ತೊಗರಿ, ಸಜ್ಜೆ ಹೊಲಗಳ ನಡುವೆ ಓಡತೊಡಗಿದಾಗ ಶುರುವಾಯಿತು. ಒಂದು ಕಡೆ ಕುರಿ ಹಿಂಡು ಅಡ್ಡ ಬಂದು ಬಸ್ಸು ನಿಂತಿತು. ರಸ್ತೆಯ ಅಂಚಿಗೇ ತೊಗರಿ ಹೊಲವಿತ್ತು.

"ಆಯಿ, ಅಲ್ನೋಡು, ಅದಕ್ಕೂ ನಮ್ಮ ಪೂಜಿ ಎಲಿಯಂಗ ಮೂರ ಮೂರ ಎಲಿ ಅದಾವ!"

ಪೂಜೆ ಎಲೆ ಎಂದರೆ ಪತ್ರಿ, ಬಿಲ್ವಪತ್ರೆ. ಹಾಗಲ ಬಳ್ಳಿಗೆ ಅವಳು ಕರೆಯುವುದು ಬೆರಳಿನ ಬಳ್ಳಿ ಎಂದು. ಮಕ್ಕಳು ಹೀಗೆ ತಮ್ಮದೇ ಹೆಸರು ಇಡುವುದು ಚೆಂದವೆಂದು ನಾನು ಹಿಗ್ಗುತ್ತಿದ್ದೆ. ಅದರ ಹಿಂದೆ ಬೇರೆ ಕಾರಣವಿದೆ ಎಂದು ಹೊಳೆದಿರಲಿಲ್ಲ.

ಮಸ್ಕಿ ನನ್ನ ತವರು. ಲಿಂಗಸುಗೂರಿನಿಂದ ಸುಮಾರು ಮೂವತ್ತು ಕಿಲೋಮೀಟರು. ಗುಡ್ಡದ ಮೇಲಿನ ಮಲ್ಲಯ್ಯನ ಗುಡಿ ದೂರದಿಂದಲೇ ಕಂಡಾಗ ಗಲ್ಲ ಬಡಿದುಕೊಂಡೆ. ತವರಿನಲ್ಲಿ ಈಗ ನಮ್ಮವರು ಯಾರೂ ಇಲ್ಲ. ಅಣ್ಣಂದಿರು ರಾಯಚೂರು ಸೇರಿ ಬಹಳ ಕಾಲವಾಯಿತು. ಆದರೂ ಅಲ್ಲಿ ಇಳಿದೆ. ನಮ್ಮ ಮನೆಯ ಗೋಡೆಗೆ ಗೋಡೆ ಹೊಂದಿಕೊಂಡಿದ್ದ ಹುಸೇನಬಿ ಖಾಲಾ ಇನ್ನೂ ಇದ್ದಾಳೆಂದು ತಿಳಿದಿತ್ತು. ಅವಳನ್ನು ನೋಡಿ ಹೋಗಬೇಕೆನಿಸಿತು. ಯಾಕೆಂದರೆ ಗಂಗಾಳ ವಯಸ್ಸಿನಲ್ಲಿ ನನ್ನನ್ನೂ ಎಲ್ಲರೂ ಮಂಕು ಎನ್ನುತ್ತಿದ್ದರು.

ನಮ್ಮವ್ವ ರೊಟ್ಟಿ ಬಡಿಯುವ ಹೊತ್ತಿಗೆ ನಾನು ಕಾಲಿಗೆ ತೊಡರುತ್ತೇನೆಂದು ಖಾಲಾಳ ಅಂಗಳಕ್ಕೆ ಅಟ್ಟುತ್ತಿದ್ದಳು. ಅವರ ಮನೆಯವರು ಬಳೆ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದರು. ಖಾಲಾಳಿಗೆ ಮಕ್ಕಳಿರಲಿಲ್ಲ. ಅಂಗಳದ ತುಂಬ ದಾಳಿಂಬೆ, ಗೋರಂಟಿ, ಪೇರಲ, ಕಲ್ಲಿನ ದೋಣಿಯಲ್ಲಿ ಪುದೀನಾ. ಓಣಿಯ ಚಿಕ್ಕ ಮಕ್ಕಳೆಲ್ಲ ಅಲ್ಲಿಯೇ ಇರುತ್ತಿದ್ದೆವು. ಯಾವುದಾದರೂ ಗಿಡ ತೋರಿಸಿ ಇದೇನು ಖಾಲಾ ಎಂದರೆ ಅವಳು ಹೆಸರು ಹೇಳುತ್ತಿರಲಿಲ್ಲ. "ನಾಂವ್ ಬಾದ್ ಮೆ, ಹೆಸರು ಆಮ್ಯಾಲ. ಮೊದಲ ನೋಡು. ನೋಡಿದ್ದು ಮೂರು ಮಾತು ಹೇಳು" ಎನ್ನುತ್ತಿದ್ದಳು. ಮೂರು ಮಾತಿಗಾಗಿ ಕೆಲವೊಮ್ಮೆ ಹೂ ಅರಳುವವರೆಗೆ, ಕಾಯಿ ಕಟ್ಟುವವರೆಗೆ ಕಾಯಬೇಕಾಗುತ್ತಿತ್ತು. ಅವಳ ಮನೆಯಲ್ಲಿ ಹಣ್ಣು ತಿನ್ನು, ಬೇಯಿಸಿದ್ದು ಬೇಡ ಎಂದು ನಮ್ಮವ್ವ ನನಗೆ ಹೇಳಿದ್ದಳು. ಖಾಲಾಳಿಗೆ ಯಾರೂ ಹೇಳಿರಲಿಲ್ಲ. ಆದರೂ ಅವಳು ನನಗೆ ಯಾವಾಗಲೂ ಹಣ್ಣನ್ನೇ ಕೊಡುತ್ತಿದ್ದಳು. ಆ ಮರ್ಯಾದೆ ಈಗ ನೆನೆದರೂ ಕಣ್ಣು ಒದ್ದೆಯಾಗುತ್ತದೆ.

ಓಣಿಯ ಮನೆಗಳೆಲ್ಲ ತಾರಸಿಯಾಗಿವೆ. ನಮ್ಮ ಹಳೆಯ ಮನೆ ಇದ್ದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಖಾಲಾಳ ಅಂಗಳ ಅರ್ಧವಾಗಿದೆ. ಆದರೆ ದಾಳಿಂಬೆ ಗಿಡ ಇತ್ತು. ಹಳೆಯದರ ಬುಡದಿಂದ ಚಿಗುರಿದ್ದಂತೆ. ಗಿಡದ ಕೆಳಗೆ ಹೊರಸಿನ ಮೇಲೆ ಖಾಲಾ ಕುಳಿತಿದ್ದಳು, ಹತ್ತಿಯಂಥ ಕೂದಲು, ಕೈಯಲ್ಲಿ ಜಪದ ತಸಬಿ ಸರ.

"ಕೌನ್? ಯಾರಬೇ ಅದು?"

"ನಾನು ಖಾಲಾ, ಪಾರೂ. ಗೋಡಿ ಆಚೀ ಪಾರ್ವತಿ."

"ಯಾ ಅಲ್ಲಾ! ಗೋಡಿ ಬಿದ್ದು ಜಮಾನಾ ಆತು, ಈಗ ಬಂದೀಯೇನು? ಇಷ್ಟು ದಪ್ಪ ಯಾವಾಗ ಆದಿ?" ಎಂದು ನನ್ನ ಕೆನ್ನೆ ಹಿಂಡಿದಳು. ಅರವತ್ತರ ಹತ್ತಿರ ಬಂದ ನನ್ನ ಕೆನ್ನೆ ಹಿಂಡುವವರು ಇನ್ನೊಬ್ಬರಿದ್ದಾರೆ ಎಂಬುದೂ ದೇವರ ದಯವೇ.

ಗಂಗಾಳ ಸಂಗತಿಯನ್ನೆಲ್ಲ ಹೇಳಿಕೊಂಡೆ. ಖಾಲಾ ಕೇಳಿ, ಮಗುವನ್ನು ಹತ್ತಿರ ಕರೆದು ದಾಳಿಂಬೆ ಗಿಡ ತೋರಿಸಿ "ಇದೇನು ಮಾ?" ಎಂದಳು.

ಗಂಗಾ ಸುಮ್ಮನಾದಳು. ನೋಡಿದೆಯಾ, ಇದೇ ಆಗುವುದು ಎಂದು ಹೇಳಲು ಹೊರಟರೆ ಖಾಲಾ ಕೈ ಎತ್ತಿ ತಡೆದಳು. ಮಗು ಗಿಡದ ಸುತ್ತ ಒಂದು ಸುತ್ತು ಬಂತು. ಬಿದ್ದ ಹೂವೊಂದನ್ನು ಎತ್ತಿ ಉಗುರಿನಿಂದ ಒತ್ತಿತು. ಕೆಳಗಿನ ಟೊಂಗೆಯ ಕಾಯಿಯ ಕೆಳಗೆ ಬಗ್ಗಿ ನೋಡಿತು. ಕೊನೆಗೆ ಬಂದು ಹೊರಸಿನ ಬಳಿ ನಿಂತಿತು.

"ಏನ್ ನೋಡಿದಿ?"

"ಹೂವು ಮೆತ್ತಗಿಲ್ಲ, ತೊಗಲಿನಂಗ ಗಟ್ಟಿ ಐತಿ. ಕಡ್ಡಿ ತುದೀಗೆ ಮುಳ್ಳ ಅದಾವ." ಸ್ವಲ್ಪ ತಡೆದು, "ಹೂವಿನ ಬಾಯಿ ಐತೆಲ್ಲ, ಕಾಯಿ ಆದಮ್ಯಾಲೂ ಅದು ಹಂಗ ಉಳದೈತಿ. ಕಿರೀಟದಂಗ."

ಖಾಲಾಳ ಹುಬ್ಬು ಮೇಲೇರಿತು. "ಶಾಬಾಸ್! ಮೂರು ಆದವು. ಇನ್ನ ಹೆಸರು ಹೇಳು."

ಗಂಗಾ ತಲೆ ಅಲ್ಲಾಡಿಸಿದಳು. "ಹೆಸರು ಹೇಳಬಾರದು. ಮೊದಲ ನೋಡಬೇಕಂತ. ಹೆಸರು ಆಯಿ ಹೇಳತಾಳ."

ಖಾಲಾ ಕೆಮ್ಮು ಬರುವವರೆಗೆ ನಕ್ಕಳು.

"ಪಾರೂ, ಅರ್ಧಾ ಸಬಕ್ ಕಲಿಸಿ ಕೂಸಿನ ಬಾಯಿಗೆ ಬೀಗಾ ಹಾಕೀಯಲ್ಲಬೇ! ನಾ ಹೆಸರು ಹೇಳತಿದ್ದೆನೇನು? ನೀವೇ ಕೂಗತಿದ್ರಿ. ಆ ಕಲ್ಲು ಮರತೀಯೇನು?"

ಆಗ ನೆನಪಾಯಿತು. ಅಂಗಳದ ಮೂಲೆಯಲ್ಲಿ ಅರಿವೆ ಒಗೆಯುವ ಕಲ್ಲು. ಮೂರು ಮಾತು ಹೇಳಿದವರು ಆ ಕಲ್ಲಿನ ಮೇಲೆ ಹತ್ತಿ, ಗಿಡಕ್ಕೆ ಕೇಳುವಂತೆ ಅದರ ಹೆಸರು ಕೂಗಬೇಕಿತ್ತು. ಗೊತ್ತಿಲ್ಲದಿದ್ದರೆ ಖಾಲಾ ಕಿವಿಯಲ್ಲಿ ಉಸುರುತ್ತಿದ್ದಳು, ಕೂಗುವುದು ಮಾತ್ರ ನಾವೇ. ನನ್ನ ಸರದಿ ಬಂದಾಗ ನಾನು ಎಷ್ಟು ಜೋರು ಕೂಗುತ್ತಿದ್ದೆನೆಂದರೆ ಗೋಡೆಯಾಚೆ ನಮ್ಮವ್ವ "ಬಂತು ನೋಡು ಮಂಕಿಗೆ ದನಿ" ಎನ್ನುತ್ತಿದ್ದಳು. ನೋಡುವ ಅರ್ಧ ನನ್ನಲ್ಲಿ ಉಳಿದಿತ್ತು, ಕೂಗುವ ಅರ್ಧ ಸಂಸಾರದಲ್ಲಿ ಎಲ್ಲೋ ಬಿದ್ದುಹೋಗಿತ್ತು. ಹಿತ್ತಲಲ್ಲಿ ಗಂಗಾ ಮೂರು ಮಾತು ಹೇಳಿದ ಮೇಲೆ ಹೆಸರನ್ನು ನಾನೇ ಹೇಳಿ, ಬಾ ಇನ್ನು ಉಣ್ಣು ಎಂದು ಒಳಗೆ ಕರೆದುಕೊಳ್ಳುತ್ತಿದ್ದೆ. ಮಗು ಅದನ್ನು ವ್ರತದಂತೆ ಹಿಡಿದಿತ್ತು. ಹೆಸರು ಹೇಳುವುದು ದೊಡ್ಡವರ ಕೆಲಸ ಎಂದು ತಿಳಿದಿತ್ತು.

ಕಲ್ಲು ಇನ್ನೂ ಅಲ್ಲೇ ಇತ್ತು. ಖಾಲಾ ಗಂಗಾಳನ್ನು ಅದರ ಮೇಲೆ ನಿಲ್ಲಿಸಿದಳು. "ಈಗ ಕೂಗು. ಗಿಡಾ ಮುದುಕ ಐತಿ, ಕಿವಿ ಕೇಳಂಗಿಲ್ಲ ಅದಕ್ಕ."

ಗಂಗಾ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಮೊದಲು ಉಸಿರಿನಷ್ಟು ಬಂತು. ಖಾಲಾ ಕಿವಿಗೆ ಕೈ ಇಟ್ಟು "ಆಂ?" ಎಂದಳು.

"ದಾಳಿಂಬ್ರಿ!"

ಬೇರೆಯವರೆದುರು ಅವಳ ದನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸೆರಗಿನಿಂದ ಕಣ್ಣೊರೆಸಿಕೊಂಡೆ. ಖಾಲಾ ಒಂದು ಹಣ್ಣು ಕಿತ್ತು ಮಗುವಿನ ಉಡಿಗೆ ಹಾಕಿದಳು, ಇನ್ನೊಂದನ್ನು ನನಗೆ ಚಾಚಿದಳು. "ಚಹಾ ಮಾಡು ಖಾಲಾ, ಕುಡದ ಹೋಗತೀನಿ" ಎಂದೆ. ಅವಳು ನನ್ನನ್ನು ನೋಡಿ, ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಶುಂಠಿ ಹಾಕಿದ ಚಹಾ ತಂದಳು. ನಮ್ಮ ಬುತ್ತಿಯ ರೊಟ್ಟಿಯನ್ನು ಮೂವರೂ ಕೂಡಿ ತಿಂದೆವು.

ಮಧ್ಯಾಹ್ನದ ಬಸ್ಸಿನಲ್ಲಿ ನಿಂತೇ ಸಿಂಧನೂರು ಸೇರಿದೆವು. ಮಸ್ಕಿ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ಕಾಲುವೆಗೆ ನೀರು ಬಿಟ್ಟಿದ್ದರು. ಎಲ್ಲಿ ನೋಡಿದರೂ ಕನ್ನಡಿಯಂಥ ಗದ್ದೆ, ಬಗ್ಗಿದ ಬೆನ್ನುಗಳು, ತೆಲುಗಿನ ಹಾಡು. ಸಿಂಧನೂರಿನಿಂದ ಟಂಟಂ ಆಟೋ ಹಿಡಿದು ವಳಕಮದಿನ್ನಿ ಮುಟ್ಟುವಾಗ ಸಂಜೆಯ ಬಿಸಿಲು ಗದ್ದೆಯ ಮೇಲೆ ಬಿದ್ದಿತ್ತು. ಶಿವಲೀಲಾ ಕೂಸನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಗಂಗಾಳ ಮುಖ ಸವರಿ, ಒಳಗೆ ಕರೆದವಳೇ ಗೋಡೆಯ ಹಣ್ಣಿನ ಚಿತ್ರಪಟದ ಮುಂದೆ ನಿಲ್ಲಿಸಿದಳು.

"ಇದೇನು? ಹೇಳಬೇ, ಇದೇನು?"

"ಕಾಲು ತೊಳಕೊಳ್ಳಲಿ ಬಿಡವ್ವ" ಎಂದೆ.

ಬೀಗತಿ ಶರಣಮ್ಮ ಕೆಟ್ಟವರಲ್ಲ, ಮಾತು ಮಾತ್ರ ನೇರ. "ನಮ್ಮ ಮೈದುನನ ಮಗಾ ಇಂಗ್ಲೀಷಿನಾಗ ಇಪ್ಪತ್ತ ಹಣ್ಣ ಹೇಳತೈತ್ರಿ, ಮೂರ ವರ್ಷದ್ದು" ಎಂದು ನನಗೆ ಅನ್ನ, ಸಾರು ಬಡಿಸುತ್ತ ಹೇಳಿದರು. ನಾನು ಖಾಲಾಳ ಅಂಗಳದಲ್ಲಿ ನಡೆದದ್ದನ್ನು ಹೇಳಿದೆ. ಶಿವಲೀಲಾ ಕೇಳಿ ನಕ್ಕಳು, ಮರುಕ್ಷಣ ಸಪ್ಪಗಾದಳು.

"ಅವ್ವ, ಸಾಲ್ಯಾಗ ದಾಳಿಂಬ್ರಿ ಗಿಡ ಎಲ್ಲಿಂದ ತರೂದು? ಅಲ್ಲಿ ಕಲ್ಲೂ ಇಲ್ಲ, ಖಾಲಾನೂ ಇಲ್ಲ. ನಾಳೆ ಆಕಿ ಸುಮ್ಮನ ಕುಂತ್ರ ಊರಾಗೆಲ್ಲ ಆಕೀಗೆ ಮಂದ ಅಂತ ಹೆಸರ ಕೂಡತೈತಿ."

ಗಂಗಾ ಆ ಹೊತ್ತಿಗೆ ಅಪ್ಪನೊಂದಿಗೆ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. ನಿನ್ನೆ ನಾಟಿ ಮಾಡಿದ ಸಸಿ ಮಲಗಿರುವುದನ್ನೂ, ಅದಕ್ಕೂ ಮೊದಲಿನದು ಎದ್ದು ನಿಂತಿರುವುದನ್ನೂ ತೋರಿಸಿ ಅವನಿಗೆ ಏನೋ ಹೇಳುತ್ತಿದ್ದಳು. ಅವನು ತಲೆಯಾಡಿಸುತ್ತಿದ್ದ.

ಸೋಮವಾರ ನನ್ನ ಉಪವಾಸ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಊರಿನಿಂದ ತಂದಿದ್ದ ಪತ್ರಿ ಏರಿಸಿ, ನಾನು, ಶಿವಲೀಲಾ, ಗಂಗಾ ಮೂವರೂ ಸಿಂಧನೂರಿಗೆ ಹೊರಟೆವು. ಕೂಸು ಶರಣಮ್ಮನ ಬಳಿ ಉಳಿಯಿತು. ಶಾಲೆ ಒಂದು ಮನೆಯಷ್ಟೇ ಇತ್ತು, ಅಂಗಳದಲ್ಲಿ ಒಂದು ಬೇವಿನ ಮರ. ಬಾಯಾರು ಚಿಕ್ಕ ವಯಸ್ಸಿನವರು, ಮೃದುವಾಗಿಯೇ ಮಾತಾಡಿಸಿದರು. ಬೆಂಚಿನ ಮೇಲೆ ಗಂಗಾಳನ್ನು ಕೂರಿಸಿ ಪುಸ್ತಕ ತೆರೆದರು. ದಪ್ಪ ಕಾಗದ, ಹೊಳೆಯುವ ಚಿತ್ರ.

"ಇದು ಏನು, ಪುಟ್ಟಿ?"

ಗಂಗಾ ನೋಡಿದಳು. ಮಾತಿಲ್ಲ. ಶಿವಲೀಲಾ ನನ್ನ ಮುಂಗೈ ಹಿಡಿದದ್ದು ನೋಯುತ್ತಿತ್ತು. ನಾನು ಒಳಗೇ ಓಂ ನಮಃ ಶಿವಾಯ ಹೇಳುತ್ತಿದ್ದೆ. ಬಾಯಾರು ಕಾದರು. ನಿಜವಾಗಿಯೂ ಕಾದರು. ಆಮೇಲೆ ನಿಟ್ಟುಸಿರು ಬಿಟ್ಟು ಹಾಳೆ ತಿರುವಲು ಹೋದರು.

ಗಂಗಾ ಹಾಳೆಯ ಮೇಲೆ ಕೈ ಇಟ್ಟಳು. ಪುಸ್ತಕದ ಮೇಲೆ ಬಗ್ಗಿ ಮೂಸಿದಳು.

"ವಾಸನಿ ಇಲ್ಲ" ಎಂದಳು. ಬೆರಳಿನಿಂದ ಸವರಿದಳು. "ನುಣ್ಣಗೈತಿ, ಆದ್ರ ತಂಪಿಲ್ಲ." ಹಾಳೆ ಎತ್ತಿ ಹಿಂಬದಿ ನೋಡಿದಳು. "ಇದಕ್ಕ ತೊಟ್ಟ ಬರದಾರ, ಆದ್ರ ಟೊಂಗಿ ಇಲ್ಲ. ಎದಕ್ಕ ಜೋತ ಬಿದ್ದೈತಿ ಇದು?"

ಬಾಯಾರು ಪುಸ್ತಕದತ್ತ ಬಗ್ಗಿದರು, ತಾವೂ ಈಗಲೇ ನೋಡುತ್ತಿರುವಂತೆ.

ಗಂಗಾ ಸುತ್ತ ಕಣ್ಣಾಡಿಸಿದಳು. ಕಲ್ಲು ಹುಡುಕುತ್ತಿದ್ದಾಳೆಂದು ನನಗೆ ತಿಳಿಯಿತು. ಕಲ್ಲು ಇರಲಿಲ್ಲ. ಬೆಂಚಿನ ಮೇಲೆಯೇ ಎದ್ದು ನಿಂತಳು. ಶಿವಲೀಲಾ "ಏ, ಇಳೀಬೇ" ಎನ್ನುವಷ್ಟರಲ್ಲಿ ಕೂಗಿಯೇಬಿಟ್ಟಳು.

"ಮಾವಿನಹಣ್ಣು!"

ಪಕ್ಕದ ಕೋಣೆಯಲ್ಲಿ ಪಾಠ ನಿಂತಿತು. ಒಂದು ಕ್ಷಣದ ನಂತರ ಅಲ್ಲಿಂದ ಮಕ್ಕಳೆಲ್ಲ ಸೇರಿ "ಮಾವಿನಹಣ್ಣೂ!" ಎಂದು ತಿರುಗಿ ಕೂಗಿದರು. ಬಾಯಾರಿಗೆ ನಗು ತಡೆಯಲಾಗಲಿಲ್ಲ. ಮುಂದಿನ ಹಾಳೆಗಳೆಲ್ಲ ಹೀಗೇ ಹೋದವು, ನಿಧಾನವಾಗಿ, ಒಂದೊಂದೂ ಕೂಗಿನೊಂದಿಗೆ. ಆನೆಯ ಚಿತ್ರಕ್ಕೂ ಮೂರು ಮಾತು ಬಂತು. ಅರ್ಧ ಪುಸ್ತಕಕ್ಕೆ ಬಾಯಾರು ಅದನ್ನು ಮುಚ್ಚಿದರು.

"ನಾಳಿಯಿಂದ ಕಳಸ್ರಿ" ಎಂದರು. "ಆದ್ರ ಬೆಂಚಿನ ಮ್ಯಾಲ ನಿಲ್ಲಾಕ ಬಿಡಂಗಿಲ್ಲ ಮತ್ತ. ಬಿದ್ರ ಯಾರು ಹೊಣಿ?" ಹೊರಗೆ ಬರುವಾಗ ಅಂಗಳದ ಬೇವಿನ ಮರ ತೋರಿಸಿ, "ಇದರ ಕಟ್ಟಿ ಐತೆಲ್ಲ, ಕೂಗೂದಿದ್ರ ಅದರ ಮ್ಯಾಲ ಕೂಗಲಿ. ಎಲ್ಲಾರೂ ಕೂಗಲಿ" ಎಂದರು.

ಶಿವಲೀಲಾ ಬೀದಿಗೆ ಬಂದ ಮೇಲೆ ಮಗಳನ್ನು ಎತ್ತಿಕೊಂಡಳು. ಐದು ವರ್ಷದ ಹುಡುಗಿ, ಕಾಲು ಅವಳ ಮೊಣಕಾಲು ಮುಟ್ಟುತ್ತಿತ್ತು. ಬಜಾರಿನವರೆಗೂ ಇಳಿಸಲಿಲ್ಲ. ಫೋನು ತೆಗೆದು ಅತ್ತೆಗೆ ಹೇಳುವಾಗ ಮಾತ್ರ ದನಿಯಲ್ಲಿ ಸ್ವಲ್ಪ ಬಿಗುವಿತ್ತು. "ಹೌದ್ರಿ ಅತ್ತಿ, ಹೇಳಿದ್ಳು. ಸಾಲೀ ಮಂದಿಗೆಲ್ಲ ಕೇಳೂವಂಗ ಹೇಳಿದ್ಳು."

ಕಾಯಿಪಲ್ಲೆ ಬಜಾರಿನಲ್ಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ ಹೆಣ್ಣುಮಗಳೊಬ್ಬಳು ಸೊಪ್ಪು ಹರಡಿಕೊಂಡು ಕೂತಿದ್ದಳು. ಬಿಳಿ ಬಳೆ, ಉದ್ದ ಸಿಂಧೂರ. ಅವಳ ಮುಂದೆ ನಾನು ಎಂದೂ ನೋಡದ ಒಂದು ಹಸಿರು ಕಟ್ಟು ಇತ್ತು. "ಇದೇನವ್ವ?" ಎಂದು ಕೇಳಿಯೇಬಿಟ್ಟೆ. ಆಕೆ ಬಾಯಿ ತೆರೆಯುವುದರೊಳಗೆ ಗಂಗಾ ಎರಡೂ ಕೈ ಚಾಚಿ ತಡೆದಳು.

"ಹೇಳಬ್ಯಾಡ! ಆಯಿ ಇನ್ನಾ ನೋಡಿಲ್ಲ! ನನ್ನ ಕಿವ್ಯಾಗ ಹೇಳು."

ಆಕೆ ನಕ್ಕು, ಬಗ್ಗಿ ಅವಳ ಕಿವಿಯಲ್ಲಿ ಉಸುರಿದಳು. ನನಗೆ, "ನೀರಾಗ ಬೆಳೀತದಮ್ಮ, ನಮ್ಮ ಕ್ಯಾಂಪಿನ ಹೊಂಡದಾಗ. ಬೆಳ್ಳುಳ್ಳಿ ಹಾಕಿ ಹುರಿ" ಎಂದಷ್ಟೇ ಹೇಳಿ, ಎರಡು ದಂಟು ಹೆಚ್ಚಿಗೆ ಇಟ್ಟಳು. ಬೆಳ್ಳುಳ್ಳಿ ಆ ದಿನ ನನಗೆ ವರ್ಜ್ಯ. ಕಟ್ಟನ್ನು ಶಿವಲೀಲಾಳ ಚೀಲಕ್ಕೆ ಹಾಕಿದೆ. ಒಂದು ದಂಟನ್ನು ಗಂಗಾ ತೆಗೆದು ನನ್ನ ಕೈಗೆ ಕೊಟ್ಟಳು.

"ಮೂರು ಮಾತು ಹೇಳಿದ ಮ್ಯಾಲ ಹೆಸರು" ಎಂದಳು, ಗಂಭೀರವಾಗಿ.

ಗಂಗಾಳನ್ನು ತಾಯಿಯ ಬಳಿ ಬಿಟ್ಟು, ನಾನೊಬ್ಬಳೇ ಸಿಂಧನೂರಿನಿಂದಲೇ ಊರಿನ ಬಸ್ಸು ಹತ್ತಿದೆ. ಅವಳು ಅಳುತ್ತಾಳೆಂದು ನಾನು ಹೆದರಿದ್ದೆ. ಬಸ್ಸು ಹೊರಡುವಾಗ ಅವಳು ತಾಯಿಯ ಸೊಂಟದ ಮೇಲಿನಿಂದ ನನ್ನ ಕೈಯಲ್ಲಿದ್ದ ದಂಟನ್ನೇ ನೋಡುತ್ತಿದ್ದಳು. ನೋಡು ನೋಡು ಎಂದು ಸನ್ನೆ ಮಾಡಿದಳು. ಹಾಗಾಗಿ ನನಗೂ ಅಳುವುದಕ್ಕೆ ಬಿಡುವಾಗಲಿಲ್ಲ.

ದಾರಿಯುದ್ದಕ್ಕೂ ನೋಡಿದೆ. ಎಲೆ ಈಟಿಯ ಮೊನೆಯಂತೆ, ಬುಡದಲ್ಲಿ ಎರಡು ಕಿವಿ. ಅದು ಒಂದು. ಮಸ್ಕಿ ಬಂದಾಗ ಓಣಿಯ ಕಡೆ ಕತ್ತು ಚಾಚಿದೆ. ದಾಳಿಂಬೆ ಕಾಣಲಿಲ್ಲ, ಅಂಗಡಿಗಳ ಹಿಂದೆ ಇತ್ತು. ಗುಡ್ಡದ ಮಲ್ಲಯ್ಯ ಕಂಡ. ದಂಟು ಅಲ್ಲಿಯೇ ಕೈಯಲ್ಲಿ ಮುರಿಯಿತು. ಒಳಗೆ ಕೊಳವೆಯಂತೆ ಟೊಳ್ಳು. ಅದು ಎರಡು. ಲಿಂಗಸುಗೂರು ಬಂದರೂ ಮೂರನೆಯದು ಹೊಳೆಯಲಿಲ್ಲ. ದೀಪ ಹಚ್ಚಿ ಪ್ರಸಾದ ತೆಗೆದುಕೊಂಡು, ಉಳಿದ ತುಂಡನ್ನು ಒಂದು ಲೋಟ ನೀರಿನಲ್ಲಿ ಇಟ್ಟು ದೇವರ ಜಗಲಿಯ ಪಕ್ಕದ ಕಿಟಕಿಯಲ್ಲಿ ಇಟ್ಟೆ.

ಮನೆ ದೊಡ್ಡದಾದಂತೆ ಅನಿಸಿತು. ಹಾಗಲ ಬಳ್ಳಿ ದಾರಕ್ಕೆ ಇನ್ನೂ ಒಂದು ಬೆರಳು ಸುತ್ತಿತ್ತು. ಅದನ್ನು ತೋರಿಸಲು ಯಾರೂ ಇರಲಿಲ್ಲ. ದಿನಾ ಬೆಳಿಗ್ಗೆ ಪೂಜೆಗೆ ಮೊದಲು ಲೋಟ ನೋಡುವುದು ರೂಢಿಯಾಯಿತು. ಒಂದು ಬೆಳಿಗ್ಗೆ, ಪತ್ರಿ ತೊಳೆಯುತ್ತಿದ್ದವಳು ಹಾಗೆಯೇ ನಿಂತೆ. ಕೊಯ್ದು, ಮುರಿದು, ಬಸ್ಸಿನಲ್ಲಿ ಬಾಡಿ ಬಂದ ಆ ದಂಟಿನ ಗೆಣ್ಣಿನಿಂದ ದಾರದಷ್ಟು ತೆಳ್ಳಗಿನ ಬಿಳಿ ಬೇರುಗಳು ಇಳಿದಿದ್ದವು. ತನ್ನ ಹೊಂಡ ಬಿಟ್ಟು ಇಷ್ಟು ದೂರ ಬಂದದ್ದು, ನನ್ನ ಲೋಟದ ನೀರಿನಲ್ಲಿ ಬೇರು ಬಿಟ್ಟಿತ್ತು.

ಶಾಲೆ ಬಿಡುವ ಹೊತ್ತಿಗೆ ಫೋನು ಮಾಡಿದೆ. ಮೂರೂ ಹೇಳಿದೆ. ಗಂಗಾ ಮೂರನೆಯದನ್ನು ಎರಡು ಸಲ ಹೇಳಿಸಿದಳು.

"ಹೌದಾ? ಬೇರ ಬಿಟ್ಟೈತಾ? ತಾನ ಬಿಟ್ಟೈತಾ?"

"ತಾನ ಬಿಟ್ಟೈತವ್ವ."

"ಹಂಗಾದ್ರ ಕೇಳು, ಅದು ಕಲ್ಮಿ. ಈಗ ನೀ ಕೂಗು."

"ಫೋನಿನಾಗ ಕೂಗಿದ್ರ ನಿನ್ನ ಕಿವಿ ಒಡದೀತು."

"ಫೋನಿನಾಗ ಅಲ್ಲ. ಗಿಡಕ್ಕ ಕೇಳಬೇಕು. ಕಲ್ಲ ಹತ್ತು."

ಲೋಟವನ್ನು ಹಿತ್ತಲಿಗೆ ತಂದೆ. ಅರಿವೆ ಒಗೆಯುವ ಕಲ್ಲಿನ ಮೇಲೆ, ಮೊಣಕಾಲು ಸಂಭಾಳಿಸಿಕೊಂಡು, ಹತ್ತಿ ನಿಂತೆ. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಲೋಟ. ಮಸ್ಕಿಯ ಅಂಗಳದ ನಂತರ ಎಂದೂ ಬಳಸದ ದನಿ, ಇದೆಯೋ ಇಲ್ಲವೋ ಗೊತ್ತಿರಲಿಲ್ಲ.

"ಕಲ್ಮೀ!"

ಪಕ್ಕದ ಮನೆಯ ಕಿಟಕಿ ತೆರೆಯಿತು. "ಯಾರನ್ನ ಕರಿಯಾಕತ್ತೀರಿ ಪಾರ್ವತಕ್ಕ?"

ಫೋನಿನಲ್ಲಿ ಗಂಗಾ ಚಪ್ಪಾಳೆ ತಟ್ಟುತ್ತಿದ್ದಳು.